ಪುಣ್ಯಾಹ ಮಾಡಿಸಿದ ಬಾವಿ

ಅತ್ತೆಗೆ ನಾನು ಮಾಡಿದ್ದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಈಗ ಬರೆಯುತ್ತಿರುವುದು ಕ್ಷಮೆ ಕೇಳುವುದಕ್ಕಂತೂ ಅಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮ ಮನೆ ಪುತ್ತೂರು ಪೇಟೆ ದಾಟಿ ನರಿಮೊಗರಿಗೆ ಹೋಗುವ ದಾರಿಯಲ್ಲಿತ್ತು. ನನ್ನ ಗಂಡ ಅಂಗಳದ ಮೂಲೆಯ ಶೆಡ್ಡಿನಲ್ಲಿ ಬಸ್ಸಿನ ಬ್ಯಾಟರಿ ರಿಪೇರಿ ಮಾಡುತ್ತಿದ್ದರು. ಸಂಪಾಜೆ ಘಾಟಿ ಹತ್ತಿ ಇಳಿದು ಕೆಟ್ಟುಹೋದ ಬ್ಯಾಟರಿಗಳೆಲ್ಲ ನಮ್ಮಲ್ಲಿಗೇ ಬರುತ್ತಿದ್ದವು. ಅವನ್ನು ಒಡೆದು, ಒಳಗಿನ ಸೀಸದ ಪ್ಲೇಟುಗಳನ್ನು ತೆಗೆದು ತೊಳೆಯಬೇಕಿತ್ತು. ಅತ್ತೆಗೆ ಮಗನ ದುಡಿಮೆ ಬೇಕು, ಮೈಲಿಗೆ ಬೇಡ. ಊರವರೆಲ್ಲ ಮುಟ್ಟಿದ ಬ್ಯಾಟರಿ ಮುಟ್ಟಿದವನು ಸೀದಾ ಒಳಗೆ ಬರುವಂತಿಲ್ಲ. ಬಾವಿಕಟ್ಟೆಯಲ್ಲೇ ಮಿಂದು, ಬಟ್ಟೆ ಒಗೆದು, ಪ್ಲೇಟು ಹಾಕಿದ ಬಕೆಟನ್ನೂ ಅಲ್ಲೇ ತೊಳೆದು ಬರಬೇಕು. ಬೂದಿಬಣ್ಣದ ಆ ನೀರು ತೂತುತೂತಾದ ಕೆಂಪು ಮುರಕಲ್ಲಿನ ಸಂದಿಯಲ್ಲಿ ಇಳಿದು ಎಲ್ಲಿಗೆ ಹೋಗುತ್ತದೆಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ಮಗಳಿಗೆ ನಾಲ್ಕು ತುಂಬುವ ಹೊತ್ತಿಗೆ ಹೊಟ್ಟೆನೋವು ಶುರುವಾಯಿತು. ಮೈ ಬಿಳಿಚಿತು, ಅನ್ನ ಕಂಡರೆ ಮುಖ ತಿರುಗಿಸತೊಡಗಿದಳು. ಅತ್ತೆ ಒಂದೇ ವಾರದಲ್ಲಿ ಕಾರಣ ಕಂಡುಹಿಡಿದರು.

"ನೀನು ಹೊರಗೆ ಕೂತ ದಿನ ಬಾವಿಯ ನೀರು ಸೇದಿದ್ದಿ. ಹಗ್ಗ ಚಂಡಿಯಾಗಿ ನೀರು ತೊಟ್ಟಿಕ್ಕುತ್ತಿದ್ದದ್ದು ನಾನು ನೋಡಿದ್ದೇನೆ."

ಸೇದಿದ್ದು ಹೌದು. ತಿಂಗಳ ಆ ಮೂರು ದಿನ ನಾನು ಬಾವಿಯ ಹತ್ತಿರ ಸುಳಿಯಬಾರದಿತ್ತು. ಆದರೆ ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ ಮಗು ನೀರು ಕೇಳಿತ್ತು.

ಅತ್ತೆ ಆಳುಗಳನ್ನು ಕರೆಸಿ ಬಾವಿಯ ನೀರೆಲ್ಲ ಎತ್ತಿಸಿದರು. ತಳದಲ್ಲಿ ಕಪ್ಪು ಕೆಸರು ಸಿಕ್ಕಿತು. ಅದನ್ನು ದೂರ ಚೆಲ್ಲಲು ಹೊರಟವರನ್ನು ತಡೆದು, "ಬಸಳೆಯ ಬುಡಕ್ಕೆ ಹಾಕಿ, ಒಳ್ಳೆ ಗೊಬ್ಬರ" ಅಂದರು. ಬಸಳೆ ಚಪ್ಪರ ಬಾವಿಯಿಂದ ನಾಲ್ಕು ಹೆಜ್ಜೆ. ಹೊಸ ನೀರು ಬಂದ ಮೇಲೆ ಪುರೋಹಿತರು ಪುಣ್ಯಾಹ ಮಾಡಿ ಪಂಚಗವ್ಯ ಹೊಯ್ದರು. ನನ್ನನ್ನು ಎಲ್ಲರೆದುರು ಅಂಗಳದಲ್ಲಿ ನಿಲ್ಲಿಸಿ ತಪ್ಪಾಯಿತು ಎಂದು ಹೇಳಿಸಿದರು. ಮೊದಲ ಕೊಡದ ನೀರನ್ನು ಅತ್ತೆ ತಮ್ಮ ಕೈಯಾರೆ ಮಗಳಿಗೆ ಕುಡಿಸಿದರು. ಆಮೇಲೆ ದಿನಕ್ಕೆ ಮೂರು ಹೊತ್ತು ಅದೇ ಔಷಧ. ನನ್ನ ಗಂಡ ಎಂದಿನಂತೆ ಬಾವಿಕಟ್ಟೆಯಲ್ಲೇ ಮಿಂದು, ಬಕೆಟು ತೊಳೆಯುತ್ತಿದ್ದರು. ತಿಂಗಳೊಳಗೆ ಮಗಳು ಮೈ ಸೆಟೆದು ಬಿದ್ದಳು.

ಮಂಗಳೂರಿನ ಡಾಕ್ಟರು ಅವಳ ತುಟಿ ಎತ್ತಿ ವಸಡಿನ ಮೇಲಿನ ನೀಲಿ ಗೆರೆ ನೋಡಿದರು. ನನ್ನ ಗಂಡನ ಕೆಲಸ ಏನು, ಅದನ್ನೆಲ್ಲ ಎಲ್ಲಿ ತೊಳೆಯುವುದು ಎಂದು ಕೇಳಿ ತಿಳಿದುಕೊಂಡರು.

"ಇದು ಸೀಸದ ವಿಷ. ನಿಮ್ಮ ಬಾವಿಯಲ್ಲೇ ಉಂಟು. ಕಣ್ಣಿಗೆ ಕಾಣುದಿಲ್ಲ, ಕುದಿಸಿದರೂ ಹೋಗುದಿಲ್ಲ. ಇನ್ನು ಆ ನೀರು ಕುಡಿಯಬೇಡಿ."

ಮಗಳ ಜೀವ ಉಳಿಯಿತು, ಅಷ್ಟೇ. ಪಟಪಟ ಮಾತಾಡುತ್ತಿದ್ದವಳಿಗೆ ಅಮ್ಮ ಎಂಬುದೂ ಸರಿಯಾಗಿ ಬಾರದಾಯಿತು. ಇವರು ಶೆಡ್ಡನ್ನು ಪೇಟೆಗೆ ಸಾಗಿಸಿದರು. ತಾಯಿಯ ಎದುರು ಕೂತು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದರು.

"ಪುಣ್ಯಾಹ ಆದ ಬಾವಿಯಲ್ಲಿ ಎಂತ ವಿಷ ಮಾರಾಯ? ವಿಷ ಇದ್ದದ್ದು ಇವಳ ಕೈಯಲ್ಲಿ," ಅಂದರು ಅತ್ತೆ.

ಆಚೆ ಮನೆಯ ಕ್ರಿಶ್ಚಿಯನ್ ಹೆಂಗಸು ತಮ್ಮ ಬಾವಿಯಿಂದ ಎಷ್ಟು ಬೇಕಾದರೂ ಸೇದಿಕೊಳ್ಳಿ ಎಂದರು. ನಾವು ಮೂವರೂ ಆ ನೀರನ್ನೇ ಕುಡಿಯತೊಡಗಿದೆವು. ಅತ್ತೆ ಅದನ್ನು ಮುಟ್ಟಲಿಲ್ಲ. ಅವರಿಗೆ ನಮ್ಮ ಬಾವಿಯದೇ ಬೇಕು, ನಾನೇ ಮಡಿಯಲ್ಲಿ ತರಬೇಕು.

ಎರಡು ಬಾವಿಯ ನೀರೂ ನೋಡಲು ಒಂದೇ, ರುಚಿಯೂ ಒಂದೇ. ಆಚೆಯದನ್ನು ಅವರ ಕೊಡಕ್ಕೆ ತುಂಬಿಸಿದ್ದರೆ ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಇವರೂ ಒಮ್ಮೆ ಮೆಲ್ಲಗೆ ಹಾಗೆ ಮಾಡೆಂದರು. ಹೂಂ ಅಂದೆ, ಮಾಡಲಿಲ್ಲ. ಹೊರಗೆ ಕೂರುವ ಆ ಮೂರು ದಿನ ಬಿಟ್ಟರೆ ದಿನಾ ಬೆಳಿಗ್ಗೆ ಮಿಂದು, ಒದ್ದೆ ಸೀರೆಯಲ್ಲೇ ನಮ್ಮ ಬಾವಿಯಿಂದ ಸೇದಿ, ಸೋಸಿ ತಂದಿಡುತ್ತಿದ್ದೆ. ಅವರು ಕಲಿಸಿದ ಮಡಿಯಲ್ಲಿ ಒಂದು ಚೂರೂ ತಪ್ಪಲಿಲ್ಲ. ಕಂಬಕ್ಕೆ ಒರಗಿ ಬಾಯಿ ಬಿಟ್ಟು ಕೂತ ಮಗಳ ಎದುರಿನಿಂದಲೇ ಆ ಕೊಡ ಒಳಗೆ ಹೋಗುತ್ತಿತ್ತು. ಪಾಪ ಅನ್ನಿಸಲಿಲ್ಲ. ನಿಜ ಹೇಳಬೇಕೆಂದರೆ ಖುಷಿಯಾಗುತ್ತಿತ್ತು.

ಎರಡು ವರ್ಷದಲ್ಲಿ ಅತ್ತೆಯ ಮೈ ಬಿಳಿಚಿತು, ಹೊಟ್ಟೆ ಹಿಂಡತೊಡಗಿತು, ಕೊನೆಗೆ ಮಣಿಕಟ್ಟುಗಳು ಜೋತುಬಿದ್ದವು. ಲೋಟ ಎತ್ತಲಾಗದೆ ನಾನೇ ಕುಡಿಸಬೇಕಾಯಿತು. ನೋಡಲು ಜಾಲ್ಸೂರಿನಿಂದ ಬಂದ ತಮ್ಮ ತಂಗಿಯ ಹತ್ತಿರ ಅತ್ತೆ ಹೇಳಿದರು:

"ಇವಳಿಗೆ ನಾನು ಸುಮ್ಮನೆ ಬೈದೆ. ನನಗೆ ಒಂದು ದಿನವೂ ಆಚೆ ಮನೆಯ ನೀರು ಕೊಟ್ಟವಳಲ್ಲ. ನನ್ನ ಮಡಿ ಉಳಿಸಿದ್ದು ಇವಳೇ."

ಹೇಳಿ ನನ್ನ ಕೈ ಹಿಡಿಯಲು ನೋಡಿದರು. ಬೆರಳು ಮೇಲೇಳಲಿಲ್ಲ. ನಾನೇ ಅವರ ಕೈಯನ್ನು ಎತ್ತಿ ನನ್ನ ಮಡಿಲಲ್ಲಿ ಇಟ್ಟುಕೊಂಡು, "ಬಾಯಾರಿಕೆ ಉಂಟಾ ಅತ್ತೆ?" ಎಂದು ಕೇಳಿದೆ. ಉಂಟು ಅಂದರು. ಕುಡಿಸಿದೆ.