ಚೆಂಡೆಗೆ ಜೊತೆಯಾದ ವಯೊಲಿನ್

ತೊಂಬತ್ತರ ದಶಕದ ಆರಂಭದಲ್ಲಿ ನಾನು ಮಸ್ಕತ್ತಿನ ಚರ್ಚ್ ಗಾಯನ ತಂಡದಲ್ಲಿ ವಯೊಲಿನ್ ನುಡಿಸುತ್ತಿದ್ದೆ. ಅಲ್ಲಿನ ವಾದಿ ಅದಾಯ್ ಬಡಾವಣೆಯ ಶೋರೂಮೊಂದರಲ್ಲಿ ಕೆಲಸಕ್ಕಿದ್ದ ಉಡುಪಿಯ ಭಾಗವತರೊಬ್ಬರು ತಾವೇ ಬರೆದ ಹೊಸ ಯಕ್ಷಗಾನ ಪ್ರಸಂಗಕ್ಕೆ ನಮ್ಮ ತಂಡವನ್ನೂ ಕರೆದರು. ಮೊದಲ ಅಭ್ಯಾಸದಲ್ಲಿ ಚೆಂಡೆಯ ಅಬ್ಬರಕ್ಕೆ ನಮ್ಮ ಹಾಡೇ ಕೇಳಿಸಲಿಲ್ಲ.

"ಇದು ಆಗುವ ಕೆಲಸ ಅಲ್ಲ, ಖಲಾಸ್," ಎಂದೆ.

"ಹಾಗೆ ಬಿಡ್ಬೇಡಿ ಮಾರಾಯ್ರೆ. ರಾಣಿ ಅಳುವಲ್ಲಿ ಚೆಂಡೆ ನಿಲ್ಲಿಸುವ, ಅಲ್ಲಿ ನೀವು ಸುರು ಮಾಡಿ," ಎಂದರು ಭಾಗವತರು.

ಪ್ರದರ್ಶನದ ಸಂಜೆ, ಮಗನನ್ನು ಕಳೆದುಕೊಂಡ ರಾಣಿಯ ಪದ್ಯಕ್ಕೆ ಅವರು ದನಿಯೆತ್ತಿದರು. ಅದರ ಬೆನ್ನಿಗೆ ನನ್ನ ವಯೊಲಿನ್, ಆಮೇಲೆ ನಮ್ಮವರ ದನಿಗಳು ಒಂದೊಂದಾಗಿ ಸೇರಿಕೊಂಡವು. ಪದ್ಯ ಮುಗಿದಾಗ ಭಾಗವತರು ಎಲ್ಲರೆದುರು ನಮ್ಮತ್ತ ತಿರುಗಿ ಕೈಮುಗಿದರು. ನಾನು ವಯೊಲಿನನ್ನು ಎದೆಗೊತ್ತಿಕೊಂಡೆ. ಅಷ್ಟು ಹೆಮ್ಮೆ ನನಗೆ.