ನಾಳೆ ನಿಮ್ಮ ಹಲ್ಲಿನ ತಪಾಸಣೆ ಇದೆ

ಆಫೀಸಿನಲ್ಲಿ ಅವನನ್ನು ಎಲ್ಲರೂ ಕರೆಯುವುದು ತಾತ ಎಂದು. ವಯಸ್ಸು ಐವತ್ತೂ ದಾಟಿಲ್ಲ, ಪಾಪ. ಹಲ್ಲಿನ ಆಸ್ಪತ್ರೆಗಳಿಗೆಂದು ಅವನು ಬರೆದ ಪ್ರೋಗ್ರಾಂ ಮುದಿಯಾಯಿತು, ಹೆಸರು ಇವನಿಗೆ ಅಂಟಿತು. ಮದುವೆಯಿಲ್ಲ. ಮನೆಗೆ ಹೋದರೆ ಮಾತಾಡಿಸಲು ಒಂದು ನರಪಿಳ್ಳೆಯೂ ಇಲ್ಲ.

ಆ ಪ್ರೋಗ್ರಾಮಿನಲ್ಲಿ ರೋಗಿಗಳಿಗೆ ಮೆಸೇಜು ಕಳಿಸುವುದು ಒಂದು ಸ್ಟ್ಯಾಟಿಕ್ ಮೆಥಡ್, ಅಂದರೆ ಜಾಗ ಬಿಟ್ಟು ಕದಲದ ಕೋಡಿನ ತುಂಡು. ಮಹಾ ಮೊಂಡು ಅದು. ಯಾವ ಮೂಲೆಯಿಂದ ಕರೆದರೂ ಓಡಿಬರುತ್ತದೆ, ಆದರೆ ತನ್ನ ಜಾಗದಲ್ಲಿ ಇನ್ನೊಬ್ಬರನ್ನು ಕೂರಿಸಲು ಬಿಡುವುದಿಲ್ಲ. ಹಾಗಾಗಿ ತಾರೀಖಿನ ಲೆಕ್ಕ ಸರಿಯಿದೆಯೇ ಎಂದು ಸುಮ್ಮನೆ ಟೆಸ್ಟ್ ಮಾಡಹೋದರೂ ಯಾರದೋ ಫೋನಿಗೆ ನಿಜವಾದ ಮೆಸೇಜು ಹೋಗಿಯೇ ತೀರುತ್ತದೆ. ಯಾರದೋ ಏನು, ಅವನ ಅಕ್ಕನ ಫೋನಿಗೆ. ಇಬ್ಬರೂ ಒಂದೇ ಮನೆಯಲ್ಲಿದ್ದಾಗ ಟೆಸ್ಟಿಗೆಂದು ಅವನು ಹಾಕಿದ ನಂಬರು ಅದು. "ನಾಳೆ ನಿಮ್ಮ ಹಲ್ಲಿನ ತಪಾಸಣೆ ಇದೆ" ಎಂದು ಮೆಸೇಜು ಬಿದ್ದರೆ ಅಕ್ಕ ಅಡುಗೆಮನೆಯಿಂದಲೇ ಬಂತು ಕಣೋ ಎನ್ನುತ್ತಿದ್ದಳು.

ಆಮೇಲೆ ಅವಳಿಗೆ ಮದುವೆಯಾಯಿತು. ಭಾವ ತೀರಿಕೊಂಡ ದಿನ ಇವನು, ಕೆಲಸವಂತೆ ಕೆಲಸ, ಎಲ್ಲ ಮುಗಿದ ಮೇಲೆ ಹೋಗಿ ನಿಂತ. ಅಕ್ಕ ಮುಖ ತಿರುಗಿಸಿದಳು. ಅಲ್ಲಿಗೆ ಮಾತುಕತೆ ಬಂದ್. ನಂಬರನ್ನು ಮಾತ್ರ ಇವನು ತೆಗೆಯಲಿಲ್ಲ, ಮೆಸೇಜು ಬೇಡವೆಂದು ಅವಳೂ ಹೇಳಲಿಲ್ಲ. ಅಷ್ಟೇ ಸಾಕಾಗಿತ್ತು ಇವನಿಗೆ. ಅಗತ್ಯವಿಲ್ಲದಿದ್ದರೂ ಒಮ್ಮೊಮ್ಮೆ ಟೆಸ್ಟ್ ಓಡಿಸುತ್ತಿದ್ದ.

ಈಗ ಮ್ಯಾನೇಜರಮ್ಮ ಪಟ್ಟು ಹಿಡಿದರು. ಕೋಡು ಬದಲಾದಾಗೆಲ್ಲ ಟೆಸ್ಟುಗಳು ತಾವಾಗಿಯೇ ಓಡಬೇಕು, ಹೊರಗೆ ಒಂದು ಮೆಸೇಜೂ ಹೋಗಕೂಡದು. ಆ ಮೆಸೇಜು ನಿಂತರೆ ಅಕ್ಕನಿಗೂ ತನಗೂ ಇರುವ ಕೊನೆಯ ಎಳೆ ಹರಿಯುತ್ತದೆಂದು ತಾತನಿಗೆ ಗೊತ್ತಿತ್ತು. ಬಹಳ ದಿನ ಮೀನಮೇಷ ಎಣಿಸಿದ. ಕೊನೆಗೆ ಆ ಮೆಥಡನ್ನು ಕ್ಲಾಸ್ ಎನ್ನುವ ಕೋಡಿನ ಒಂದು ಸಾಧಾರಣ ಕಟ್ಟಿನ ಹಿಂದೆ ಸರಿಸಿ, ಮೆಸೇಜು ಕಳಿಸುವವನನ್ನು ಹೊರಗಿನಿಂದ ಕೊಡುವಂತೆ ಮಾಡಿ, ಟೆಸ್ಟಿನ ಹೊತ್ತಿಗೆ ಆ ಜಾಗದಲ್ಲಿ ಕೋಡಿನದೇ ಒಬ್ಬ ಸುಳ್ಳುಗಾರನನ್ನು ಕೂರಿಸಿದ. ಕಳಿಸಿದೆ ಎನ್ನುತ್ತಾನೆ, ಏನೂ ಕಳಿಸುವುದಿಲ್ಲ. ಟೆಸ್ಟುಗಳೆಲ್ಲ ಹಸಿರು, ಅಂದರೆ ಪಾಸು. ಎಲ್ಲರೂ ಬೆನ್ನು ತಟ್ಟಿದರು.

ತಿಂಗಳಾಗಿರಬೇಕು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಅಕ್ಕನ ಫೋನು ಬಂತು.

"ಹುಷಾರಾಗಿದ್ದೀಯೇನೋ?"

"ಇದ್ದೀನಕ್ಕ."

"ಮೆಸೇಜು ನಿಂತುಹೋಯ್ತಲ್ಲ."

ಕೋಡು ಸರಿಮಾಡಿದ್ದನ್ನೂ, ಇನ್ನು ಮೇಲೆ ಅದು ಬರುವುದಿಲ್ಲವೆಂಬುದನ್ನೂ ತಡವರಿಸುತ್ತ ಹೇಳಿದ.

"ಮತ್ತೆ ನೀನು ಇದ್ದೀಯೋ ಇಲ್ವೋ ಅಂತ ನನಗೆ ಹೇಗೆ ಗೊತ್ತಾಗ್ಬೇಕೋ?"

ಅಷ್ಟು ಹೇಳಿ ಅಕ್ಕ ಫೋನಿಟ್ಟಳು.