ಮೆಣಸಿನಕಾಯಿ ಮುಟ್ಟಿದ ಕೈ

ಮನೆಮನೆಗೆ ಹೋಗಿ ಬಾಣಂತಿಯರನ್ನು ನೋಡಿ ಬರುವುದು ನನ್ನ ಕೆಲಸ. ಎಲ್ಲರಿಗೂ ಹೇಳುವುದು ಒಂದೇ ಮಾತು: ಮಗು ಮಲಗಿದಾಗ ನೀವೂ ಮಲಗಿ.

ಬ್ಯಾಡಗಿಯ ರೇಣುಕಾ ಮಲಗಿರಲಿಲ್ಲ. ಮಗು ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿದ್ದರೆ, ಇವಳು ನಿದ್ದೆಗೆಟ್ಟ ಕಣ್ಣಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದಳು.

“ಇದೆಲ್ಲ ಆಮೇಲೆ,” ಎಂದೆ.

“ಆಮ್ಯಾಲೆ ಆಗಂಗಿಲ್ರಿ ಅಕ್ಕಾರ. ಕೂಸು ಏಳೂದ್ರಾಗ ಇದನ್ನ ಮುಗಿಸಿ ಕೈ ತೊಳಕೋಬೇಕು.”

ನೆಪ ಎಂದುಕೊಂಡೆ. ಅವಳು ಕೈ ತೊಳೆದು ಬಂದ ಮೇಲೆ ಅವಳನ್ನು ಚಾಪೆಯ ಮೇಲೆ ಮಲಗಿಸಿ, ಬುಟ್ಟಿಯನ್ನು ನಾನೇ ಎಳೆದುಕೊಂಡೆ. ಕಾನ್ವೆಂಟಿನಲ್ಲಿ ಕಲಿತ ಅಚ್ಚುಕಟ್ಟು. ಕಾಯಿ ಒಂದು ಕಡೆ, ತೊಟ್ಟು ಒಂದು ಕಡೆ. ಅವಳು ಕೂಡಲೇ ಗೊರಕೆ ಹೊಡೆದಳು.

ಹತ್ತು ನಿಮಿಷಕ್ಕೆ ಮಗು ಅತ್ತಿತು. ತಾಯಿಯನ್ನು ಎಬ್ಬಿಸುವುದೇಕೆಂದು ನಾನೇ ಎತ್ತಿಕೊಳ್ಳಲು ಬಾಗಿದೆ.

“ಕೈ ಹಚ್ಚಬ್ಯಾಡ್ರಿ, ಕೂಸಿನ ಕಣ್ಣು ಉರಿತಾವ,” ಎನ್ನುತ್ತ ರೇಣುಕಾ ದಡಬಡಿಸಿ ಎದ್ದು ಬಂದಳು.

ಮಗುವನ್ನು ಹೆಗಲಿಗೆ ಹಾಕಿಕೊಂಡು ನನ್ನ ಮುಂದೆ ಎಣ್ಣೆ ಬಟ್ಟಲು ಇಟ್ಟಳು. “ಮೊದಲ ಇದನ್ನ ತಿಕ್ಕೊಂಡು, ಆಮ್ಯಾಲೆ ಸಾಬೂನು ಹಚ್ಚಿ ತೊಳಕೋರಿ.”

ಊರಿನ ತಾಯಂದಿರಿಗೆಲ್ಲ ಕೈ ತೊಳೆಯುವುದನ್ನು ಕಲಿಸಿದವಳು ನಾನು. ಎರಡು ಸಲ ತೊಳೆದು ಬಂದು ತೋರಿಸಿದೆ. ಅವಳು ಮೂಸಿ ನೋಡಿ, ಇನ್ನೊಮ್ಮೆ ತೊಳೆಯಲು ಕಳಿಸಿದಳು.